ರ‍್ಯಾಮ್ ಮೊದಲಾ, ಎಸ್‌ಎಸ್‌ಡಿ ಮೊದಲಾ? ಹೊಸ ಕಂಪ್ಯೂಟರ್‌ಗೆ ದುಡ್ಡು ಎಲ್ಲಿ ಹಾಕಬೇಕು

ಸಿಇಟಿ ಕೌನ್ಸೆಲಿಂಗ್ ಮುಗಿದು ಕಾಲೇಜು ಶುರುವಾಗುವ ಹೊತ್ತಿಗೆ ತುಮಕೂರಿನ ಕಂಪ್ಯೂಟರ್ ಅಂಗಡಿಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತದೆ. ಕೈಯಲ್ಲಿರುವ ದುಡ್ಡಿಗೆ ಎರಡು ಲ್ಯಾಪ್‌ಟಾಪ್ ಸಿಗುತ್ತವೆ. ಒಂದರಲ್ಲಿ 8 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ. ಇನ್ನೊಂದರಲ್ಲಿ 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್ ಒಂದೇ, ಪರದೆ ಒಂದೇ, ಬೆಲೆಯೂ ಹೆಚ್ಚುಕಡಿಮೆ ಒಂದೇ. ಯಾವುದು ತಗೊಳ್ಳೋದು?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎರಡನೆಯದು ತಗೊಳ್ಳಿ. ಫೈಲ್ ಉಳಿಸಿಡುವ ಎಸ್‌ಎಸ್‌ಡಿಯಲ್ಲಿ ಜಾಗ ಸಾಲದಿದ್ದರೆ ನಾಳೆ ಸೇರಿಸಿಕೊಳ್ಳಲು ನಾಲ್ಕು ದಾರಿ ಇವೆ. ರ‍್ಯಾಮ್ ಸಾಲದಿದ್ದರೆ ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಒಂದು ದಾರಿಯೂ ಇಲ್ಲ. ಆಮೇಲೆ ಬದಲಿಸಲು ಆಗದ್ದಕ್ಕೆ ಮೊದಲು ದುಡ್ಡು ಹಾಕಬೇಕು. ಮುಂದೆ ಬರೆದಿರುವುದೆಲ್ಲ ಈ ಒಂದು ಮಾತಿನ ಸುತ್ತಲೇ ಇದೆ. ಇದಕ್ಕೆ ಹೊರತಾದ ಸಂದರ್ಭಗಳೂ ಇವೆ, ಅವನ್ನೂ ಹೇಳುತ್ತೇನೆ.

ಎರಡಕ್ಕೂ ಇರುವ ವ್ಯತ್ಯಾಸ

ಎರಡನ್ನೂ ಜಿಬಿಯಲ್ಲೇ ಅಳೆಯುವುದರಿಂದ ತುಂಬಾ ಜನ ಕಲಸಿಕೊಳ್ಳುತ್ತಾರೆ. ಈಗ ತೆರೆದಿರುವ ಕೆಲಸವೆಲ್ಲ ರ‍್ಯಾಮ್‌ನಲ್ಲಿ ಇರುತ್ತದೆ. ಕ್ರೋಮ್‌ನ ಟ್ಯಾಬ್‌ಗಳು, ಟ್ಯಾಲಿ, ಎಕ್ಸೆಲ್ ಶೀಟು, ಹಿಂದೆ ಓಡುತ್ತಿರುವ ಆಂಟಿವೈರಸ್, ವಿಂಡೋಸ್ ತಾನೇ. ಕರೆಂಟ್ ಹೋದರೆ ಅದು ಖಾಲಿ. ಎಸ್‌ಎಸ್‌ಡಿ ಅಥವಾ ಹಾರ್ಡ್ ಡಿಸ್ಕ್‌ನಲ್ಲಿ ನೀವು ಉಳಿಸಿಟ್ಟಿದ್ದು ಇರುತ್ತದೆ. ಅದು ಆಫ್ ಮಾಡಿದರೂ ಹೋಗುವುದಿಲ್ಲ. ಅಡುಗೆ ಕಟ್ಟೆ ಚಿಕ್ಕದಾದರೆ ಉಗ್ರಾಣ ಎಷ್ಟು ದೊಡ್ಡದಿದ್ದರೂ ಅಡುಗೆ ಬೇಗ ಆಗುವುದಿಲ್ಲ, ಅಲ್ವಾ?

ರ‍್ಯಾಮ್ ತುಂಬಿದಾಗ ಕಂಪ್ಯೂಟರ್ ನಿಂತುಹೋಗುವುದಿಲ್ಲ. ಸದ್ಯಕ್ಕೆ ಬೇಡದ್ದನ್ನು ವಿಂಡೋಸ್ ಎತ್ತಿ ಡಿಸ್ಕ್‌ನ ಮೇಲೆ ಬರೆದಿಡುತ್ತದೆ, ಬೇಕಾದಾಗ ವಾಪಸ್ ತರುತ್ತದೆ. ತೊಂದರೆ ಇರುವುದು ವೇಗದಲ್ಲಿ. ರ‍್ಯಾಮ್‌ನಿಂದ ಒಂದು ತುಣುಕು ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ಎಸ್‌ಎಸ್‌ಡಿಗೆ ಹತ್ತಾರು ಮೈಕ್ರೋಸೆಕೆಂಡ್ ಬೇಕು. ತಿರುಗುವ ಹಾರ್ಡ್ ಡಿಸ್ಕ್‌ಗೆ 10 ಮಿಲಿಸೆಕೆಂಡ್ ಹತ್ತಿರ ಹಿಡಿಯುತ್ತದೆ. ಅಂದರೆ ರ‍್ಯಾಮ್‌ಗಿಂತ ಲಕ್ಷ ಪಟ್ಟು ನಿಧಾನ. ಹಳೆಯ ಹಾರ್ಡ್ ಡಿಸ್ಕ್ ಲ್ಯಾಪ್‌ಟಾಪ್‌ನಲ್ಲಿ ನಾಲ್ಕು ಕಿಟಕಿ ತೆರೆದರೆ ಮೌಸ್ ಕೂಡ ಅಲುಗದೆ ಕೂರುತ್ತಿದ್ದುದು ಇದಕ್ಕೇ.

ಹಾಗಾಗಿ ಮೊದಲ ಹೋಲಿಕೆ ಇಲ್ಲೇ ಮುಗಿಯುತ್ತದೆ. ವಿಂಡೋಸ್ ಇರುವ ಡಿಸ್ಕ್ ಎಸ್‌ಎಸ್‌ಡಿಯೇ ಆಗಿರಬೇಕು. ಹಾರ್ಡ್ ಡಿಸ್ಕ್ ಮಾತ್ರ ಇರುವ ಹೊಸ ಡೆಸ್ಕ್‌ಟಾಪ್ ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಅಗ್ಗದ ಪುಟ್ಟ ಲ್ಯಾಪ್‌ಟಾಪ್‌ಗಳಲ್ಲಿ ಇಎಂಎಂಸಿ ಅಂತ 64 ಅಥವಾ 128 ಜಿಬಿ ಇರುತ್ತದೆ. ಅದನ್ನು ಎಸ್‌ಎಸ್‌ಡಿ ಅಂತ ಹೇಳಿ ಮಾರುವುದೂ ಉಂಟು. ಅದು ಬೋರ್ಡ್‌ಗೆ ಅಂಟಿಕೊಂಡಿರುತ್ತದೆ, ನಿಧಾನ, ಬದಲಿಸಲೂ ಆಗುವುದಿಲ್ಲ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಹೇಳುವ ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಜಾಗ. ಅಷ್ಟಿದ್ದರೆ ವಿಂಡೋಸ್ ಇನ್‌ಸ್ಟಾಲ್ ಆಗುತ್ತದೆ, ಕೆಲಸ ಮಾಡಲು ಆಗುವುದಿಲ್ಲ.

8, 16, 32: ಯಾರಿಗೆ ಎಷ್ಟು

8 ಜಿಬಿ ಇರುವ ಹೊಸ ಲ್ಯಾಪ್‌ಟಾಪ್ ಆನ್ ಮಾಡಿ ಸುಮ್ನೆ ಬಿಟ್ಟರೂ ವಿಂಡೋಸ್ 11 ಅದರಲ್ಲಿ ಹತ್ತಿರ ಹತ್ತಿರ ಅರ್ಧ ಹಿಡಿದುಕೊಂಡಿರುತ್ತದೆ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮೆಷಿನ್‌ನಲ್ಲಿ ಪರದೆಯ ಕೆಲಸಕ್ಕೂ ರ‍್ಯಾಮ್‌ನಿಂದಲೇ ಒಂದು ಪಾಲು ಹೋಗುತ್ತದೆ. ಉಳಿದಿದ್ದು ನಿಮ್ಮದು. ಅದರಲ್ಲಿ ಕ್ರೋಮ್ ತೆರೆದು, ಆನ್‌ಲೈನ್ ಕ್ಲಾಸ್ ಹಚ್ಚಿ, ಪಕ್ಕದಲ್ಲಿ ವರ್ಡ್ ಇಟ್ಟುಕೊಂಡರೆ ಮುಗಿಯಿತು.

ಬರೀ ಟ್ಯಾಲಿ, ಬಿಲ್ಲಿಂಗ್, ನುಡಿಯಲ್ಲಿ ಪತ್ರ ಟೈಪ್ ಮಾಡುವುದು, ಒಂದೆರಡು ಟ್ಯಾಬ್ ತೆರೆದು ಜಿಎಸ್‌ಟಿ ರಿಟರ್ನ್ ಹಾಕುವುದು. ಇಷ್ಟೇ ಕೆಲಸ ಇರುವ ಅಂಗಡಿಗೆ, ತಿಪಟೂರಿನ ಕೊಬ್ಬರಿ ಮಂಡಿಯ ಲೆಕ್ಕದ ಟೇಬಲ್‌ಗೆ, 8 ಜಿಬಿ ಈಗಲೂ ಸಾಕು. ಆದರೆ ಮುಂದೆ ಇನ್ನೊಂದು ರ‍್ಯಾಮ್ ಸ್ಟಿಕ್ ಕೂರಿಸಲು ಖಾಲಿ ಸ್ಲಾಟ್ ಇರಬೇಕು. ಆ ಷರತ್ತು ಬಿಡಬೇಡಿ.

ಎಂಜಿನಿಯರಿಂಗ್, ಬಿಸಿಎ, ಬಿಎಸ್ಸಿ ಮಕ್ಕಳಿಗೆ 16 ಜಿಬಿಗಿಂತ ಕಡಿಮೆ ಕೊಡಿಸಬೇಡಿ. ಮೂರ್ನಾಲ್ಕು ವರ್ಷದ ಓದಿಗೆ ಕೊಡಿಸುವ ಮೆಷಿನ್ ಇದು. ಮೊದಲ ವರ್ಷ ಸಿ ಪ್ರೋಗ್ರಾಂ ಬರೆಯುವಾಗ 8 ಜಿಬಿ ಹಾಯಾಗಿಯೇ ಓಡುತ್ತದೆ. ಮೂರನೇ ವರ್ಷದಲ್ಲಿ ಆಂಡ್ರಾಯ್ಡ್ ಸ್ಟುಡಿಯೋದ ಎಮ್ಯುಲೇಟರ್, ವರ್ಚುವಲ್ ಮೆಷಿನ್, ಡಾಕರ್, ಕ್ಯಾಡ್‌ನಂಥ ಭಾರೀ ತಂತ್ರಾಂಶಗಳು ಬಂದಾಗ ಒದ್ದಾಟ ಶುರುವಾಗುತ್ತದೆ. ಅಷ್ಟೊತ್ತಿಗೆ ಮೆಷಿನ್ ವಾರಂಟಿಯೂ ಮುಗಿದಿರುತ್ತದೆ, ಪ್ರಾಜೆಕ್ಟ್ ಒತ್ತಡವೂ ಇರುತ್ತದೆ. ಮೈಕ್ರೋಸಾಫ್ಟ್ 2024ರಲ್ಲಿ ಕೋಪೈಲಟ್ ಪ್ಲಸ್ ಅಂತ ಹೊಸ ವರ್ಗದ ಕಂಪ್ಯೂಟರ್‌ಗಳನ್ನು ತಂದಾಗ ಅದಕ್ಕೆ ಇಟ್ಟ ಕನಿಷ್ಠ ಮಿತಿಯೇ 16 ಜಿಬಿ ರ‍್ಯಾಮ್, 256 ಜಿಬಿ ಜಾಗ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಆಪಲ್ ಕೂಡ ಮ್ಯಾಕ್‌ಬುಕ್ ಏರ್ ಅನ್ನು 8ರಿಂದ 16 ಜಿಬಿಗೆ ಏರಿಸಿತು. ತಯಾರಿಸುವವರೇ 8 ಸಾಲದು ಅಂತ ಒಪ್ಪಿಕೊಂಡ ಹಾಗೆ ಇದು.

32 ಜಿಬಿ ಯಾರಿಗೆ? ಮದುವೆ ವಿಡಿಯೋ ಎಡಿಟ್ ಮಾಡುವವರಿಗೆ, ದೊಡ್ಡ ಫ್ಲೆಕ್ಸ್ ಡಿಸೈನ್ ಮಾಡುವವರಿಗೆ, ಕಂಪ್ಯೂಟರ್‌ನಲ್ಲೇ ಎಐ ಮಾದರಿಗಳನ್ನು ಓಡಿಸಿ ಕಲಿಯಬೇಕು ಅನ್ನುವವರಿಗೆ. ಉಳಿದವರಿಗೆ 32 ಬೇಡ. ಆ ದುಡ್ಡಲ್ಲಿ ಒಳ್ಳೆಯ ಪರದೆ ಇರುವ ಮಾದರಿ ತಗೊಂಡರೆ ಕಣ್ಣಿಗಾದರೂ ಒಳ್ಳೆಯದು.

ಬೆಸುಗೆ ಹಾಕಿದ್ದಾ, ಸ್ಲಾಟ್ ಇರುವುದಾ

ಎಲ್ಲರೂ ಕೇಳಬೇಕಾದ, ಆದರೆ ಯಾರೂ ಕೇಳದ ಪ್ರಶ್ನೆ ಇದು. ಲ್ಯಾಪ್‌ಟಾಪ್‌ನಲ್ಲಿ ರ‍್ಯಾಮ್ ಮೂರು ರೀತಿ ಇರಬಹುದು. ಎರಡು ಸ್ಲಾಟ್ ಇದ್ದು ಎರಡನ್ನೂ ಬದಲಿಸಬಹುದು. ಸ್ವಲ್ಪ ಬೋರ್ಡ್‌ಗೆ ಬೆಸೆದು, ಜೊತೆಗೆ ಒಂದು ಸ್ಲಾಟ್ ಕೊಟ್ಟಿರಬಹುದು. ಅಥವಾ ಪೂರ್ತಿ ಬೆಸೆದಿರಬಹುದು. ಅಂಗಡಿಯವರು ಬೆಸೆದಿರುವುದನ್ನು ಆನ್‌ಬೋರ್ಡ್ ಅನ್ನುತ್ತಾರೆ.

ತೆಳ್ಳಗಿನ, ಹಗುರ ಲ್ಯಾಪ್‌ಟಾಪ್‌ಗಳು ಬಹುಪಾಲು ಮೂರನೇ ಗುಂಪಿನವು. ವಿವರ ಪಟ್ಟಿಯಲ್ಲಿ ಎಲ್‌ಪಿಡಿಡಿಆರ್5 ಅಥವಾ ಎಲ್‌ಪಿಡಿಡಿಆರ್5ಎಕ್ಸ್ ಅಂತ ಇದ್ದರೆ ಅದು ಬೆಸೆದದ್ದು ಅಂತಲೇ ಇಟ್ಟುಕೊಳ್ಳಿ. ಹೆಸರಿನ ಮೊದಲಲ್ಲಿ ಎಲ್‌ಪಿ ಇಲ್ಲದೆ ಬರೀ ಡಿಡಿಆರ್4, ಡಿಡಿಆರ್5 ಅಂತ ಇದ್ದರೆ ಸ್ಲಾಟ್ ಇರುವ ಸಾಧ್ಯತೆ ಜಾಸ್ತಿ, ಆದರೂ ಖಾತ್ರಿ ಅಲ್ಲ. 2024ರಲ್ಲಿ ಬಂದ ಇಂಟೆಲ್ ಕೋರ್ ಅಲ್ಟ್ರಾ 200ವಿ ಸರಣಿಯಲ್ಲಿ ರ‍್ಯಾಮ್ ಪ್ರೊಸೆಸರ್‌ನ ಪೊಟ್ಟಣದಲ್ಲೇ ಕೂತಿರುತ್ತದೆ. 16 ಇಲ್ಲವೇ 32 ಜಿಬಿ, ಕೊಂಡಾಗ ಎಷ್ಟೋ ಕೊನೆವರೆಗೂ ಅಷ್ಟೇ. ಮ್ಯಾಕ್‌ಬುಕ್‌ನಲ್ಲಿ ರ‍್ಯಾಮ್ ಜೊತೆಗೆ ಒಳಗಿನ ಸಂಗ್ರಹವನ್ನೂ ಆಮೇಲೆ ಏರಿಸಿಕೊಳ್ಳಲು ದಾರಿಯಿಲ್ಲ.

ಬೆಸೆದಿದ್ದು ಕೆಟ್ಟದ್ದು ಅಂತ ಹೇಳುತ್ತಿಲ್ಲ. ಅದಕ್ಕೆ ಕರೆಂಟ್ ಕಮ್ಮಿ ಸಾಕು, ವೇಗ ಜಾಸ್ತಿ, ಬ್ಯಾಟರಿ ಜಾಸ್ತಿ ಹೊತ್ತು ಬರುತ್ತದೆ. ದಿನಾ ಗುಬ್ಬಿಯಿಂದ ತುಮಕೂರಿಗೆ, ತುಮಕೂರಿಂದ ಬೆಂಗಳೂರಿಗೆ ರೈಲಲ್ಲಿ ಓಡಾಡುವವರಿಗೆ ಆ ಹಗುರ ಮೆಷಿನ್ನೇ ಸರಿ. ಆದರೆ ಅಂಥದ್ದನ್ನು ಕೊಳ್ಳುವಾಗ ಇವತ್ತಿನ ಅಗತ್ಯ ನೋಡಬೇಡಿ. ನಾಲ್ಕೈದು ವರ್ಷ ಮುಂದಿನದನ್ನು ಲೆಕ್ಕ ಹಾಕಿ ಕೊಳ್ಳಿ. ಬೆಸೆದ 8 ಜಿಬಿ ಲ್ಯಾಪ್‌ಟಾಪ್ ಮಾತ್ರ ಯಾವ ರಿಯಾಯಿತಿಗೂ ತಗೊಳ್ಳಬೇಡಿ.

ಗೊತ್ತುಮಾಡಿಕೊಳ್ಳುವುದು ಹೇಗೆ? ಅಂಗಡಿಯಲ್ಲಿ ಡೆಮೋಗೆ ಇಟ್ಟ ಮೆಷಿನ್ ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಪರ್ಫಾರ್ಮೆನ್ಸ್‌ಗೆ ಹೋಗಿ ಮೆಮೊರಿ ಒತ್ತಿ. ಕೆಳಗೆ ಎಷ್ಟು ಸ್ಲಾಟ್‌ನಲ್ಲಿ ಎಷ್ಟು ಬಳಕೆಯಲ್ಲಿದೆ ಅಂತ ಇರುತ್ತದೆ. ಫಾರ್ಮ್ ಫ್ಯಾಕ್ಟರ್ ಎಂಬ ಸಾಲಿನಲ್ಲಿ ಸೋಡಿಮ್ ಅಂತ ಇದ್ದರೆ ತೆಗೆದು ಹಾಕುವಂಥದ್ದು. ರೋ ಆಫ್ ಚಿಪ್ಸ್ ಅಂತ ಇದ್ದರೆ ಬೆಸೆದದ್ದು. ಆದರೆ ಬೆಸೆದ ಮೆಷಿನ್‌ಗಳಲ್ಲಿ ಸ್ಲಾಟ್ ಸಂಖ್ಯೆ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಅದಕ್ಕೆ ಫಾರ್ಮ್ ಫ್ಯಾಕ್ಟರ್ ನೋಡುವುದನ್ನು ಮರೆಯಬೇಡಿ.

ಇನ್ನೂ ಗಟ್ಟಿ ದಾರಿ ಅಂದರೆ ಕಂಪನಿಯ ತಾಂತ್ರಿಕ ಪಟ್ಟಿ. ಲೆನೊವೊದವರು ಪಿಎಸ್‌ಆರ್‌ಇಎಫ್ ಎಂಬ ತಾಣದಲ್ಲಿ ಪ್ರತಿ ಮಾದರಿಗೂ ರ‍್ಯಾಮ್ ಬೆಸೆದಿದ್ದಾ, ಸ್ಲಾಟ್ ಎಷ್ಟು, ಎಷ್ಟರವರೆಗೆ ಏರಿಸಬಹುದು ಅಂತ ಬರೆದಿಟ್ಟಿದ್ದಾರೆ. ಎಚ್‌ಪಿ, ಡೆಲ್‌ನ ಸರ್ವಿಸ್ ಕೈಪಿಡಿಗಳೂ ಬಿಟ್ಟಿಯಾಗಿ ಸಿಗುತ್ತವೆ. ಹುಡುಕುವಾಗ ಸರಣಿಯ ಹೆಸರು ಹಾಕಿದರೆ ಸಾಲದು, ಪೆಟ್ಟಿಗೆಯ ಮೇಲಿನ ಪೂರ್ತಿ ಮಾದರಿ ಸಂಖ್ಯೆ ಹಾಕಿ. ಹೆಸರು ಒಂದೇ ಇದ್ದರೂ ಒಂದು ಮಾದರಿಯಲ್ಲಿ ಸ್ಲಾಟ್ ಇದ್ದು, ಇನ್ನೊಂದರಲ್ಲಿ ಇಲ್ಲದಿರುವುದು ತೀರಾ ಸಾಮಾನ್ಯ.

ಒಂದು ಸ್ಟಿಕ್ಕಾ, ಎರಡಾ

16 ಜಿಬಿಯ ಒಂದು ಸ್ಟಿಕ್, 8ರ ಎರಡು ಸ್ಟಿಕ್. ಮೊತ್ತ ಒಂದೇ, ಕೆಲಸ ಒಂದೇ ಅಲ್ಲ. ಎರಡು ಸ್ಟಿಕ್ ಇದ್ದಾಗ ಪ್ರೊಸೆಸರ್ ಎರಡರ ಜೊತೆಗೂ ಒಟ್ಟಿಗೆ ಮಾತಾಡುತ್ತದೆ. ಡ್ಯುಯಲ್ ಚಾನೆಲ್ ಅನ್ನುವುದು ಇದನ್ನೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗೇಮ್ ಆಡುವಾಗ, ವಿಡಿಯೋ ಎಡಿಟ್ ಮಾಡುವಾಗ ಇದರ ಫರಕು ಕಣ್ಣಿಗೇ ಕಾಣುತ್ತದೆ. ಟ್ಯಾಲಿ, ವರ್ಡ್‌ನಲ್ಲಿ ಏನೂ ಗೊತ್ತಾಗುವುದಿಲ್ಲ.

ಎರಡು ಸ್ಲಾಟ್ ಇದ್ದು ಈಗ 16 ಸಾಕು, ಮುಂದೆ 32 ಬೇಕಾಗಬಹುದು ಅನ್ನಿಸಿದರೆ ಒಂದು 16ರ ಸ್ಟಿಕ್ ಹಾಕಿಸಿ ಇನ್ನೊಂದು ಸ್ಲಾಟ್ ಖಾಲಿ ಬಿಡಿ. ಇಲ್ಲದಿದ್ದರೆ 8ರ ಜೋಡಿಯೇ ಮೇಲು. 8 ಬೆಸೆದು ಒಂದು ಸ್ಲಾಟ್ ಇರುವ ಮೆಷಿನ್‌ಗೆ ಇನ್ನೊಂದು 8 ಹಾಕಿದರೂ ಡ್ಯುಯಲ್ ಚಾನೆಲ್ ಆಗುತ್ತದೆ. ವಿದ್ಯಾರ್ಥಿಗಳಿಗೆ ನನಗೆ ಬಹಳ ಇಷ್ಟವಾದ ಜೋಡಣೆ ಇದೇ. ವೇಗ ಬೇರೆ ಬೇರೆ ಇರುವ ಸ್ಟಿಕ್ ಹಾಕಿದರೆ ಎರಡೂ ನಿಧಾನದ್ದರ ವೇಗಕ್ಕೆ ಇಳಿಯುತ್ತವೆ. ಡಿಡಿಆರ್4 ಸ್ಲಾಟ್‌ಗೆ ಡಿಡಿಆರ್5 ಕೂರುವುದೇ ಇಲ್ಲ, ಕಚ್ಚಿನ ಜಾಗವೇ ಬೇರೆ.

ಡೆಸ್ಕ್‌ಟಾಪ್ ಕಟ್ಟಿಸುವವರಿಗೆ ಎರಡು ಮಾತು. ಡಿಡಿಆರ್5 ಬೋರ್ಡ್‌ನಲ್ಲಿ ನಾಲ್ಕೂ ಸ್ಲಾಟ್ ತುಂಬಿದರೆ ವೇಗ ಇಳಿಯುವುದುಂಟು. ಅದಕ್ಕೆ 8ರ ನಾಲ್ಕಕ್ಕಿಂತ 16ರ ಎರಡು ಒಳ್ಳೆಯದು. 6000 ವೇಗದ ರ‍್ಯಾಮ್‌ಗೆ ದುಡ್ಡು ಕೊಟ್ಟಿದ್ದರೆ ಬಯೋಸ್‌ನಲ್ಲಿ, ಅಂದರೆ ಮದರ್‌ಬೋರ್ಡ್‌ನ ಮೂಲ ಸೆಟ್ಟಿಂಗ್‌ನಲ್ಲಿ, ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಅಂತ ಇರುವುದನ್ನು ಆನ್ ಮಾಡಿಸಿ. ಇಲ್ಲದಿದ್ದರೆ ಅದು 4800ರಲ್ಲೋ 5600ರಲ್ಲೋ ಓಡುತ್ತಾ ಇರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಈಗ ಸಂಗ್ರಹದ ಕಡೆ

ಮೊದಲು ವೇಗ. ಹಾರ್ಡ್ ಡಿಸ್ಕ್ ಸೆಕೆಂಡಿಗೆ 100ರಿಂದ 200 ಎಂಬಿ ಓದುತ್ತದೆ. ಸಾಟಾ ಎಂಬ ಹಳೆಯ ಬಗೆಯ ಎಸ್‌ಎಸ್‌ಡಿ ಸುಮಾರು 550 ಎಂಬಿ. ಎನ್‌ವಿಎಂಇ ಎಂಬ ಹೊಸ ಬಗೆಯ ಎಸ್‌ಎಸ್‌ಡಿಯಲ್ಲಿ ಜೆನ್ 3 (ಮೂರನೇ ತಲೆಮಾರು) ಆದರೆ 3,500ರವರೆಗೆ, ಜೆನ್ 4 ಆದರೆ 7,000ದವರೆಗೆ, ಜೆನ್ 5 ಆದರೆ ಅದರ ಎರಡರಷ್ಟು. ಪಟ್ಟಿ ನೋಡಿದರೆ ಜೆನ್ 5 ಬೇಕು ಅನ್ನಿಸುತ್ತದೆ. ಬೇಡ. ಹಾರ್ಡ್ ಡಿಸ್ಕ್‌ನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಯಾರಿಗಾದರೂ ಗೊತ್ತಾಗುತ್ತದೆ. ಸಾಟಾದಿಂದ ಎನ್‌ವಿಎಂಇಗೆ ಬಂದಾಗ ದೊಡ್ಡ ಫೈಲ್ ಕಾಪಿ ಮಾಡುವವರಿಗೆ ಗೊತ್ತಾಗುತ್ತದೆ. ಜೆನ್ 3ರಿಂದ ಜೆನ್ 4ಕ್ಕೆ ಹೋದರೆ ದಿನದ ಕೆಲಸದಲ್ಲಿ ಬಹಳ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಜೆನ್ 5 ಬಿಸಿಯೂ ಜಾಸ್ತಿ, ಮೇಲೆ ಹೀಟ್‌ಸಿಂಕ್ ಬೇಕೇ ಬೇಕು. ಪಾವಗಡ, ಸಿರಾ, ಮಧುಗಿರಿಯ ಬೇಸಿಗೆಯಲ್ಲಿ ಆ ಬಿಸಿಯನ್ನು ದುಡ್ಡು ಕೊಟ್ಟು ತರುವುದು ಯಾಕೆ?

ವೇಗಕ್ಕಿಂತ ಎಷ್ಟು ಜಿಬಿ ಅನ್ನುವುದು ಮುಖ್ಯ. 256, 512, 1 ಟಿಬಿ ಅಂತ ಕೊಂಡರೂ ವಿಂಡೋಸ್‌ನಲ್ಲಿ 238, 476, 931 ಅಂತ ಕಾಣುತ್ತದೆ. ಇದು ಮೋಸ ಅಲ್ಲ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಅಳೆಯುತ್ತದೆ. ಅದರಲ್ಲಿ ವಿಂಡೋಸ್, ಅದರ ಅಪ್‌ಡೇಟ್‌ಗಳು, ಆಫೀಸ್ ಸೇರಿ 50 ಜಿಬಿ ಆಸುಪಾಸು ಹೋಗುತ್ತದೆ. ಎಸ್‌ಎಸ್‌ಡಿ ತುಂಬುತ್ತಾ ಬಂದಂತೆ ಬರೆಯುವ ವೇಗ ಇಳಿಯುತ್ತದೆ. ಹಾಗಾಗಿ ನೂರಕ್ಕೆ ಹತ್ತಿಪ್ಪತ್ತು ಭಾಗ ಖಾಲಿ ಬಿಡುವುದು ಒಳ್ಳೆಯದು. 256ರಲ್ಲಿ ಇದೆಲ್ಲ ಕಳೆದರೆ ಉಳಿಯುವುದು 150 ಜಿಬಿ ಚಿಲ್ಲರೆ.

ಅಂಗಡಿ ಲೆಕ್ಕಕ್ಕೆ ಅಷ್ಟು ಸಾಕು. ಸಣ್ಣ ವ್ಯಾಪಾರದ ಹಲವು ವರ್ಷದ ಟ್ಯಾಲಿ ಡೇಟಾ ಸೇರಿದರೂ ಒಂದು ಜಿಬಿ ದಾಟುವುದು ಅಪರೂಪ. ವಿದ್ಯಾರ್ಥಿಗೆ 512 ಆರಾಮು. ಗೇಮ್ ಆಡುವ ಹುಡುಗರಿಗೆ 1 ಟಿಬಿ ಬೇಕಾಗುತ್ತದೆ, ದೊಡ್ಡ ಗೇಮ್‌ಗಳು ಒಂದೊಂದೇ 100 ಜಿಬಿ ಮೀರುತ್ತವೆ.

ನಾನು ಮೊದಲು ಹೇಳಿದ ಮಾತಿಗೆ ಹೊರತಾದವರು ಫೋಟೋ, ವಿಡಿಯೋ ಕೆಲಸದವರು. ಲೆಕ್ಕ ನೋಡಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ 4ಕೆ ವಿಡಿಯೋ ತೆಗೆದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ಐದು ಗಂಟೆ ಅಂದರೆ 450 ಜಿಬಿ. ಒಂದು ಮದುವೆಗೇ 512ರ ಎಸ್‌ಎಸ್‌ಡಿ ಮುಗಿಯಿತು. ಮೇಲೆ ಹೇಳಿದ 32 ಜಿಬಿ ರ‍್ಯಾಮ್‌ಗೆ ದುಡ್ಡು ಸಾಲದಿದ್ದರೂ ಇವರಿಗೆ 16 ಜಿಬಿ ಜೊತೆ 1 ಟಿಬಿ ಎಸ್‌ಎಸ್‌ಡಿ ಕನಿಷ್ಠ. ಆಗಲಿಲ್ಲ ಅಂದರೆ ಎಸ್‌ಎಸ್‌ಡಿ ಕೂರಿಸಲು ಎರಡು ಎಂ.2 ಜಾಗ ಇರುವ ಮೆಷಿನ್ ನೋಡಿ. ಎಡಿಟ್ ಆಗುತ್ತಿರುವ ಮದುವೆ ಎಸ್‌ಎಸ್‌ಡಿಯಲ್ಲಿ ಇರಲಿ. ಆಲ್ಬಂ ಕೊಟ್ಟು ಮುಗಿದ ಮೇಲೆ ಹೊರಗಿನ ಹಾರ್ಡ್ ಡಿಸ್ಕ್‌ಗೆ ಸಾಗಿಸಿ. 100 ಜಿಬಿ ಸಾಗಿಸಲು ಹಾರ್ಡ್ ಡಿಸ್ಕ್‌ಗೆ ಕಾಲು ಗಂಟೆ ಹಿಡಿಯುತ್ತದೆ, ರಾತ್ರಿ ಹಚ್ಚಿ ಬಿಟ್ಟರೆ ಆಯಿತು.

ಎತ್ತಿಡಲು ಹಾರ್ಡ್ ಡಿಸ್ಕೇ ಯಾಕೆ ಅಂದರೆ, ಒಂದು ಜಿಬಿಗೆ ಬೀಳುವ ದುಡ್ಡು ಎಸ್‌ಎಸ್‌ಡಿಗಿಂತ ಬಹಳ ಕಡಿಮೆ. ಇನ್ನೊಂದು ಕಾರಣವೂ ಇದೆ. ಎಸ್‌ಎಸ್‌ಡಿಯಲ್ಲಿ ಡೇಟಾ ವಿದ್ಯುತ್ ಚಾರ್ಜ್ ರೂಪದಲ್ಲಿ ಇರುತ್ತದೆ. ವರ್ಷಗಟ್ಟಲೆ ಕರೆಂಟ್ ಇಲ್ಲದೆ ಬೀರುವಿನಲ್ಲಿ ಇಟ್ಟರೆ ಅದು ಸೋರಿಹೋಗಬಹುದು. ಕೆಟ್ಟ ಹಾರ್ಡ್ ಡಿಸ್ಕ್‌ನಿಂದ ಡೇಟಾ ತೆಗೆಸುವುದಕ್ಕಿಂತ ಕೆಟ್ಟ ಎಸ್‌ಎಸ್‌ಡಿಯಿಂದ ತೆಗೆಸುವುದು ಕಷ್ಟ. ಹಾರ್ಡ್ ಡಿಸ್ಕ್ ಕೂಡ ಬಿದ್ದರೆ ಹೋಯಿತು, ಅದಕ್ಕೆ ಒಂದೇ ಒಂದು ಪ್ರತಿಯನ್ನು ನಂಬಿ ಕೂರಬೇಡಿ. ಇನ್ನೊಬ್ಬರ ಮದುವೆಯ ನೆನಪು ನಿಮ್ಮ ಕೈಯಲ್ಲಿರುತ್ತದೆ. ಎರಡು ಡಿಸ್ಕ್‌ನಲ್ಲಿ ಇಡಿ, ಅದರಲ್ಲಿ ಒಂದು ಬೇರೆ ಮನೆಯಲ್ಲಿರಲಿ. ಟ್ಯಾಲಿಯಂಥ ಚಿಕ್ಕ ಡೇಟಾಕ್ಕೆ ಗೂಗಲ್ ಬಿಟ್ಟಿ ಕೊಡುವ 15 ಜಿಬಿಯೇ ಧಾರಾಳ.

ಕೊಳ್ಳುವಾಗ ಎರಡು ಕಡೆ ಹುಷಾರು. ಎಂ.2 ಅನ್ನುವುದು ಆಕಾರದ ಹೆಸರು, ಒಳಗೆ ಸಾಟಾ ಇರಬಹುದು, ಎನ್‌ವಿಎಂಇ ಇರಬಹುದು. ಉದ್ದವೂ ಬೇರೆ ಬೇರೆ, 2280 ಅಂದರೆ 80 ಮಿಲಿಮೀಟರ್, 2242 ಅಂದರೆ 42. ನಿಮ್ಮ ಮೆಷಿನ್‌ಗೆ ಯಾವುದು ಅಂತ ಕೈಪಿಡಿ ನೋಡಿ. ಎರಡನೆಯದು, ಆನ್‌ಲೈನ್‌ನಲ್ಲಿ ನಂಬಲಾರದಷ್ಟು ಅಗ್ಗಕ್ಕೆ ಸಿಗುವ 2 ಟಿಬಿ, 16 ಟಿಬಿ ಪುಟಾಣಿ ಎಸ್‌ಎಸ್‌ಡಿಗಳು. ಬಿಚ್ಚಿದರೆ ಒಳಗೆ ಚಿಕ್ಕ ಮೆಮೊರಿ ಕಾರ್ಡ್ ಇರುತ್ತದೆ. ಕಾಪಿ ಆದಂತೆ ತೋರಿಸುತ್ತದೆ, ಆಮೇಲೆ ತೆರೆದರೆ ಫೈಲ್ ಇರುವುದಿಲ್ಲ.

ಟಿಎಲ್‌ಸಿ, ಕ್ಯೂಎಲ್‌ಸಿ ಅಂತ ಕೇಳಿರಬಹುದು. ಒಂದು ಕೋಶದಲ್ಲಿ ಮೂರು ಬಿಟ್ ಇಟ್ಟರೆ ಟಿಎಲ್‌ಸಿ, ನಾಲ್ಕು ಇಟ್ಟರೆ ಕ್ಯೂಎಲ್‌ಸಿ. ಒಂದೇ ಸಲಕ್ಕೆ ನೂರಾರು ಜಿಬಿ ಬರೆಯುವವರು ಟಿಎಲ್‌ಸಿ ಕೇಳಿ. ಉಳಿದವರು ಇದಕ್ಕೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಈಗಲೇ ಹಾಕಿಸುವುದಾ, ಆಮೇಲಾ

ಹಿಂದೆ ಎಲ್ಲರೂ ಒಂದೇ ಬುದ್ಧಿ ಹೇಳುತ್ತಿದ್ದರು. ಈಗ ಕಮ್ಮಿ ರ‍್ಯಾಮ್ ಇರೋದು ತಗೋ, ಎರಡು ವರ್ಷ ಬಿಟ್ಟು ಹಾಕಿಸ್ಕೋ, ಅಷ್ಟೊತ್ತಿಗೆ ಅಗ್ಗ ಆಗಿರುತ್ತೆ ಅಂತ. 2025ರ ಕೊನೆಯ ತಿಂಗಳುಗಳಲ್ಲಿ ಆ ಲೆಕ್ಕ ತಲೆಕೆಳಗಾಯಿತು. ಜಗತ್ತಿನ ರ‍್ಯಾಮ್ ಚಿಪ್‌ಗಳಲ್ಲಿ ಬಹುಪಾಲು ಮಾಡುವುದು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂರೇ ಕಂಪನಿಗಳು. ಎಐ ಡೇಟಾ ಸೆಂಟರ್‌ಗಳಿಂದ ಬೇಡಿಕೆ ಏರಿತು. ಲಾಭ ಜಾಸ್ತಿ ಇರುವ ಆ ಕಡೆಗೆ ಕಾರ್ಖಾನೆಗಳು ತಿರುಗಿದವು. ನಮ್ಮ ನಿಮ್ಮಂಥವರ ಸ್ಟಿಕ್‌ಗಳ ಬೆಲೆ ಜಿಗಿಯಿತು, ಎಸ್‌ಎಸ್‌ಡಿಯದೂ ಏರಿತು. ಕ್ರೂಷಿಯಲ್ ಹೆಸರಲ್ಲಿ ಸಾಮಾನ್ಯ ಗ್ರಾಹಕರಿಗೆ ರ‍್ಯಾಮ್, ಎಸ್‌ಎಸ್‌ಡಿ ಮಾರುತ್ತಿದ್ದ ಮೈಕ್ರಾನ್, ಆ ವ್ಯಾಪಾರವನ್ನೇ ನಿಲ್ಲಿಸುವುದಾಗಿ 2025ರ ಡಿಸೆಂಬರ್‌ನಲ್ಲಿ ಹೇಳಿತು.

ಅದಕ್ಕೆ ಇಲ್ಲಿ ಬೆಲೆ ಬರೆಯುತ್ತಿಲ್ಲ, ನೀವು ಓದುವ ಹೊತ್ತಿಗೆ ಅದು ಬದಲಾಗಿರುತ್ತದೆ. ಬೆಲೆ ಕೇಳುವ ರೀತಿ ಹೇಳುತ್ತೇನೆ. ಒಂದೇ ದಿನ ಮೂರು ಬೆಲೆ ತಗೊಳ್ಳಿ. ಕಂಪನಿಯಿಂದಲೇ 16 ಜಿಬಿ ಇರುವ ಮಾದರಿಯದು ಒಂದು. 8 ಜಿಬಿ ಮಾದರಿಗೆ ಅದೇ ಅಂಗಡಿಯವರು ಇನ್ನೊಂದು 8 ಹಾಕಿಕೊಟ್ಟರೆ ಎಷ್ಟು ಅನ್ನುವುದು ಎರಡನೆಯದು. ಆ ಸ್ಟಿಕ್ ಅನ್ನು ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲೋ ಆನ್‌ಲೈನ್‌ನಲ್ಲೋ ನೀವೇ ತಂದರೆ ಎಷ್ಟು ಅನ್ನುವುದು ಮೂರನೆಯದು. ಮೂರರಲ್ಲೂ 18 ಪರ್ಸೆಂಟ್ ಜಿಎಸ್‌ಟಿ ಸೇರಿಸಿಯೇ ಹೋಲಿಸಿ. ಬಿಲ್ ಇಲ್ಲದೆ ಕಮ್ಮಿಗೆ ಕೊಡುತ್ತೇನೆ ಅನ್ನುವ ಸ್ಟಿಕ್‌ಗೆ ವಾರಂಟಿ ಕೇಳಲು ಆಮೇಲೆ ದಾಖಲೆ ಇರುವುದಿಲ್ಲ.

ಮೊದಲನೆಯದಕ್ಕೂ ಎರಡನೆಯದಕ್ಕೂ ಅಂತರ ಸ್ವಲ್ಪವೇ ಇದ್ದರೆ ಕಂಪನಿಯದೇ ತಗೊಳ್ಳಿ. ಇಡೀ ಮೆಷಿನ್‌ಗೆ ಒಂದೇ ವಾರಂಟಿ, ಒಂದೇ ಕಡೆ ದೂರು. ಅಂತರ ಜಾಸ್ತಿ ಇದ್ದರೆ ಅಂಗಡಿಯವರಿಂದ ಹಾಕಿಸಿ. ಒಂದು ಸ್ಟಿಕ್‌ಗಾಗಿ ತುಮಕೂರಿಂದ 70 ಕಿಲೋಮೀಟರ್ ಹೋಗಿ ಬರುವುದು ನನಗೆ ಸರಿ ಕಾಣುವುದಿಲ್ಲ. ಸ್ಟಿಕ್ ಕೆಟ್ಟರೆ ಮತ್ತೆ ಅಷ್ಟೇ ದೂರ ಹೋಗಬೇಕು. ಕಾಲೇಜು ಲ್ಯಾಬಿಗೆ ಹತ್ತಿಪ್ಪತ್ತು ಸ್ಟಿಕ್ ತರುವುದಾದರೆ ಮಾತು ಬೇರೆ.

ಎಸ್‌ಎಸ್‌ಡಿ ವಿಷಯದಲ್ಲಿ ನಾನು ಇನ್ನೂ ಹಳೆಯ ಬುದ್ಧಿಯನ್ನೇ ಹೇಳುತ್ತೇನೆ. 512 ಇರುವುದು ತಗೊಳ್ಳಿ, ತುಂಬಿದಾಗ ನೋಡೋಣ. ಬಹಳ ಜನಕ್ಕೆ ತುಂಬುವುದೇ ಇಲ್ಲ.

ಹಳೇ ಲ್ಯಾಪ್‌ಟಾಪ್ ಕೊಳ್ಳುವವರಿಗೆ

ಬೆಂಗಳೂರಿನ ಕಂಪನಿಗಳು ಬಿಟ್ಟ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್‌ಗಳು ರಿಫರ್ಬಿಶ್ ಆಗಿ, ಅಂದರೆ ಸರಿಮಾಡಿ ಮತ್ತೆ ಮಾರಾಟಕ್ಕೆ, ಸಿಗುತ್ತವೆ. ದುಡ್ಡು ಕಮ್ಮಿ ಇರುವ ಮನೆಗೆ, ಬೆಸೆದ 8 ಜಿಬಿಯ ಹೊಸ ಲ್ಯಾಪ್‌ಟಾಪ್‌ಗಿಂತ ಎರಡು ಸ್ಲಾಟ್ ಇರುವ ಇಂಥದ್ದು ಎಷ್ಟೋ ಸಲ ಮೇಲು. ಥಿಂಕ್‌ಪ್ಯಾಡ್ ಟಿ480ರಲ್ಲಿ ಎರಡು ಸ್ಲಾಟ್ ಇವೆ. ಅದರ ನಂತರ ಬಂದ ಟಿ490ರಲ್ಲಿ ಸ್ವಲ್ಪ ಬೆಸೆದು ಒಂದೇ ಸ್ಲಾಟ್ ಇಟ್ಟಿದ್ದಾರೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಓಡಲು ಇಂಟೆಲ್‌ನಲ್ಲಿ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಮೇಲಿನದು ಬೇಕು. ಅದಕ್ಕಿಂತ ಹಳೆಯದಕ್ಕೆ 32 ಜಿಬಿ ಹಾಕಿಕೊಟ್ಟರೂ ಬೇಡ. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಬಿಟ್ಟಿ ತಂತ್ರಾಂಶ ಹಾಕಿ ಎಸ್‌ಎಸ್‌ಡಿ ಎಷ್ಟು ಗಂಟೆ ಓಡಿದೆ, ಆರೋಗ್ಯ ಎಷ್ಟು ಪರ್ಸೆಂಟ್ ಉಳಿದಿದೆ ಅಂತ ನೋಡಿಯೇ ದುಡ್ಡು ಕೊಡಿ.

ಅಂಗಡಿಯಲ್ಲಿ ಮಾತು ಹೇಗಿರಬೇಕು

"ಅಣ್ಣಾ, ಇದ್ರಲ್ಲಿ ರ‍್ಯಾಮ್ ಏರಿಸ್ಬಹುದಾ?"

"ಏರಿಸ್ಬಹುದು ಸರ್, ತೊಂದ್ರೆ ಇಲ್ಲ."

ಇಲ್ಲಿಗೆ ನಿಲ್ಲಿಸಬೇಡಿ.

"ಸ್ಲಾಟ್ ಎಷ್ಟಿದೆ? ಈಗ ಖಾಲಿ ಇದೆಯಾ? ಗರಿಷ್ಠ ಎಷ್ಟು ಜಿಬಿ ಹಿಡಿಯುತ್ತೆ?"

"ಒಂದು ಆನ್‌ಬೋರ್ಡ್ ಸರ್, ಒಂದು ಸ್ಲಾಟ್ ಖಾಲಿ. 24ರವರೆಗೂ ಹಾಕ್ಬಹುದು."

"ನೀವೇ ಬಿಚ್ಚಿ ಹಾಕಿದ್ರೆ ಕಂಪನಿ ವಾರಂಟಿ ಇರುತ್ತಾ? ಬಿಲ್ ಮೇಲೆ ಸ್ಟಿಕ್‌ನ ಸೀರಿಯಲ್ ನಂಬರ್ ಬರ್ಕೊಡ್ತೀರಾ?"

ಈ ಕೊನೆಯ ಎರಡು ಪ್ರಶ್ನೆಗೆ ನೇರ ಉತ್ತರ ಕೊಡುವ ಅಂಗಡಿಯಲ್ಲಿ ನೂರಿನ್ನೂರು ಜಾಸ್ತಿಯಾದರೂ ಕೊಳ್ಳಿ. ರ‍್ಯಾಮ್, ಎಸ್‌ಎಸ್‌ಡಿ ಸೇರಿಸಿದರೆ ವಾರಂಟಿ ಇರುತ್ತದಾ ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ. ಸೇರಿಸಲು ಬಿಡುವ ಕಂಪನಿಯೂ, ಬಿಚ್ಚುವಾಗ ಆದ ಹಾನಿಗೆ ಹೊಣೆ ಹೊರುವುದಿಲ್ಲ. ಹಾಕಿದವರು ಅಂಗಡಿಯವರೇ ಅಂತ ಬಿಲ್‌ನಲ್ಲಿ ಇದ್ದರೆ ನಿಮಗೆ ಒಂದು ಆಧಾರ.

ಹಾಕಿಸುವ ಮೊದಲು, ಹಾಕಿಸಿದ ಮೇಲೆ

ಮೆಷಿನ್ ಬಿಚ್ಚುವ ಮುಂಚೆ ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಗೂಢಲಿಪಿ ತಾನಾಗಿಯೇ ಆನ್ ಆಗಿರುವುದುಂಟು. ಒಳಗಿನ ಭಾಗ ಬದಲಾದ ಮೇಲೆ ಅದು 48 ಅಂಕಿಯ ಕೀ ಕೇಳಬಹುದು. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಸಿಗುತ್ತದೆ. ಅಂಗಡಿಯವರು ಸೆಟಪ್ ಮಾಡುವಾಗ ತಮ್ಮ ಖಾತೆ ಹಾಕಿಬಿಟ್ಟಿದ್ದರೆ ಕೀ ಅವರ ಹತ್ತಿರ ಉಳಿಯುತ್ತದೆ. ಮೊದಲ ದಿನವೇ ನಿಮ್ಮ ಖಾತೆಗೆ ಬದಲಿಸಿಕೊಳ್ಳಿ. ಎಸ್‌ಎಸ್‌ಡಿ ಬದಲಿಸಿದರೆ ವಿಂಡೋಸ್ ಲೈಸೆನ್ಸ್ ಹೋಗುತ್ತದಾ ಅಂತ ತುಂಬಾ ಜನ ಹೆದರುತ್ತಾರೆ. ಹೋಗುವುದಿಲ್ಲ. ಮೆಷಿನ್ ಜೊತೆ ಬಂದ ಲೈಸೆನ್ಸ್ ಮದರ್‌ಬೋರ್ಡ್‌ಗೆ ಸೇರಿದ್ದು. ಅದೇ ಆವೃತ್ತಿ ಮತ್ತೆ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ಸಕ್ರಿಯವಾಗುತ್ತದೆ.

ಹಾಕಿಸಿದ ಮೇಲೆ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು ಒಟ್ಟು ರ‍್ಯಾಮ್, ಅದರ ವೇಗ ನೋಡಿ. 16ರ ಬದಲು 8 ಅಂತಲೇ ಇದ್ದರೆ ಸ್ಟಿಕ್ ಸರಿಯಾಗಿ ಕೂತಿಲ್ಲ. ಮನೆಗೆ ಬಂದು ಸ್ಟಾರ್ಟ್‌ನಲ್ಲಿ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಅಂತ ಹುಡುಕಿ, ರಾತ್ರಿ ಮಲಗುವ ಮುಂಚೆ ಅದನ್ನು ಓಡಲು ಬಿಡಿ. ದೋಷ ತೋರಿಸಿದರೆ ಬೆಳಿಗ್ಗೆಯೇ ಬಿಲ್ ಹಿಡಿದು ಅಂಗಡಿಗೆ ಹೋಗಿ. ಡೆಸ್ಕ್‌ಟಾಪ್ ಆಗಿದ್ದರೆ ಈ ಪರೀಕ್ಷೆಯನ್ನು ಯುಪಿಎಸ್ ಮೇಲೆ ಮಾಡಿ, ಮಧ್ಯದಲ್ಲಿ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ ಓಡಿಸಬೇಕಾಗುತ್ತದೆ.